ದಪ್ಪ ಕಣಗಿಲೆಯ ತವರು

ಏಪ್ರಿಲ್ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲಿನ ಕುಂಡಗಳತ್ತ ನೋಡುವುದೇ ಒಂದು ಸಂಕಟ. ಗುಲಾಬಿ ಕತ್ತು ಬಗ್ಗಿಸಿರುತ್ತದೆ. ದಾಸವಾಳ ಮೊಗ್ಗು ಉದುರಿಸಿಕೊಂಡು ನಿಂತಿರುತ್ತದೆ. ತುಳಸಿಗೂ ಎರಡು ಹೊತ್ತು ನೀರು ಬೇಕು. ಇವುಗಳ ನಡುವೆ ಒಂದು ಗಿಡ ಮಾತ್ರ, ಊರಿಗೆ ಊರೇ ಬಿಸಿಲಿಗೆ ಶಾಪ ಹಾಕುತ್ತಿರುವಾಗ, ಮೈತುಂಬ ಹೂ ಮುಡಿದು ಮದುವೆಮನೆಗೆ ಹೊರಟವಳಂತೆ ನಗುತ್ತಿರುತ್ತದೆ. ಅದೇ ಅಡೇನಿಯಂ. ನರ್ಸರಿಯವರು ಡೆಸರ್ಟ್ ರೋಸ್ ಎಂದು ಮಾರುತ್ತಾರೆ, ಕೆಲವರು ಅದನ್ನೇ ಮರುಭೂಮಿ ಗುಲಾಬಿ ಎಂದು ಕನ್ನಡಿಸಿಕೊಂಡಿದ್ದಾರೆ. ಹೆಸರಿನಲ್ಲಿ ಗುಲಾಬಿ ಇದ್ದರೂ ಗುಲಾಬಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಕಣಗಿಲೆಯ ಬಳಗದ ಗಿಡ. ದೇವಕಣಗಿಲೆ, ನಂದಬಟ್ಟಲು, ನಿತ್ಯಪುಷ್ಪ, ಎಕ್ಕ ಎಲ್ಲವೂ ಇದರ ದಾಯಾದಿಗಳೇ.

ಈ ಗಿಡದ ಚೆಲುವು ಹೂವಿನಲ್ಲಷ್ಟೇ ಇಲ್ಲ, ಬುಡದಲ್ಲಿದೆ. ಮಣ್ಣಿನ ಮೇಲೆ ಕಾಣುವ ಬುಡ ಗಡಿಗೆಯಂತೆ ಉಬ್ಬಿರುತ್ತದೆ. ಅದರ ಮೇಲೆ ನಾಲ್ಕಾರು ಕೊಂಬೆ, ಕೊಂಬೆಯ ತುದಿಗೆ ಹೂಗೊಂಚಲು. ಆ ಉಬ್ಬಿದ ಬುಡವೇ ಗಿಡದ ನೀರಿನ ಹಂಡೆ. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂದಾಗ ತುಂಬಿಟ್ಟುಕೊಳ್ಳಬೇಕು, ಇಲ್ಲದಾಗ ಎಣಿಸಿ ಬಳಸಬೇಕು. ಅಡೇನಿಯಂ ಮಾಡುವುದೂ ಅಷ್ಟೆ.

ನಾವು ಹೊಸ ಸೊಸೆ ಮನೆಗೆ ಬಂದರೆ ಅವಳ ತವರು ಯಾವುದು, ಅಲ್ಲಿ ರೊಟ್ಟಿಯೋ ಅನ್ನವೋ ಎಂದು ಮೊದಲು ಕೇಳುತ್ತೇವೆ. ಗಿಡವನ್ನು ಮಾತ್ರ ಏನೂ ಕೇಳದೆ ತಂದು ಎಲ್ಲಕ್ಕೂ ಒಂದೇ ಚೊಂಬಿನ ನೀರು ಹೊಯ್ಯುತ್ತೇವೆ. ಅಡೇನಿಯಂ ಸಾಯುವುದು ಹೆಚ್ಚಾಗಿ ಹೀಗೆಯೇ, ನಮ್ಮ ಕರುಣೆಯಿಂದ. ಅದರ ತವರನ್ನು ಹುಡುಕಿಕೊಂಡು ಹೊರಟರೆ ಒಂದು ದೊಡ್ಡ ಕಥೆ ಎದುರಾಗುತ್ತದೆ. ಮಕ್ಕಳಿಗೆ ಇಷ್ಟು ವರ್ಷ ಚರಿತ್ರೆ ಹೇಳಿಕೊಟ್ಟಿರುವ ನನಗೆ, ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇಲ್ಲದ ಈ ಕಥೆಯನ್ನು ನಿಮ್ಮ ಮುಂದಿಡಬೇಕೆನ್ನಿಸಿದೆ.

ಆಫ್ರಿಕದ ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯ, ಕೆನ್ಯಾ, ಟಾಂಜಾನಿಯದವರೆಗೆ, ಕೆಂಪು ಸಮುದ್ರದಾಚೆ ಅರೇಬಿಯದ ದಕ್ಷಿಣದ ತುದಿಯವರೆಗೆ ಈ ಗಿಡ ತಾನಾಗಿ ಬೆಳೆಯುತ್ತದೆ. ಬಂಡೆಯ ಸಂದಿ, ಕಲ್ಲುಗುಡ್ಡದ ಇಳಿಜಾರು ಇದರ ನೆಲೆ. ಅಲ್ಲಿನ ಜನರಿಗೆ ಇದು ಎಂದಿನಿಂದಲೂ ಗೊತ್ತಿದ್ದ ಗಿಡ. ಆದರೆ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇದು ಮೊದಲು ಸೇರಿದ್ದು ಯೆಮನ್ ದೇಶದ ಗುಡ್ಡಗಳಿಂದ. ಅದನ್ನು ಬರೆದುಕೊಂಡವನು ಪೀಟರ್ ಫೋರ್ಸ್ಕೋಲ್ ಎಂಬ ತರುಣ.

1761ರ ಜನವರಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಬಂದರಿನಿಂದ ಆರು ಮಂದಿ ಹಡಗು ಹತ್ತಿದರು. ಅವರನ್ನು ಕಳುಹಿಸಿದವನು ಡೆನ್ಮಾರ್ಕಿನ ದೊರೆ ಐದನೆಯ ಫ್ರೆಡರಿಕ್. ಇದರ ಯೋಚನೆ ಹುಟ್ಟಿದ್ದು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದ ಮಿಖಾಯೆಲಿಸ್ ಎಂಬ ಪಂಡಿತನ ತಲೆಯಲ್ಲಿ. ಬೈಬಲ್ಲಿನಲ್ಲಿ ಬರುವ ಗಿಡಮರ, ಪ್ರಾಣಿ, ಊರುಗಳ ಅರ್ಥ ತಿಳಿಯಬೇಕಾದರೆ ಅರೇಬಿಯಕ್ಕೆ ಹೋಗಿ ನೋಡಬೇಕು ಎಂಬುದು ಅವನ ವಾದ. ಆಗ ನಮ್ಮ ಕೋರಮಂಡಲ ತೀರದ ತರಂಗಂಬಾಡಿ ಡೇನರ ಕೈಯಲ್ಲಿತ್ತು. ಅಲ್ಲಿಂದಲೇ ಒಬ್ಬ ಪಂಡಿತನನ್ನು ಅರೇಬಿಯಕ್ಕೆ ಕಳುಹಿಸಿದರೆ ಸಾಕು ಎಂದು ಅವನು ಮೊದಲು ಸೂಚಿಸಿದ್ದ. ಕೊನೆಗೆ ಅದು ಬೆಳೆದು ಆರು ಜನರ ತಂಡವಾಯಿತು.

ನಾವು ಶಾಲೆಯಲ್ಲಿ ವಾಸ್ಕೋ ಡ ಗಾಮನನ್ನು ಓದಿಸುತ್ತೇವೆ. ಅವನು ಬಂದದ್ದು ಮೆಣಸಿಗಾಗಿ. ಆಮೇಲೆ ಬಂದವರು ಕೋಟೆಗಾಗಿ, ಕಂದಾಯಕ್ಕಾಗಿ. ಈ ಆರು ಜನ ಹೊರಟದ್ದು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು. ಗೆಲ್ಲುವುದಾಗಲಿ, ಮತಾಂತರ ಮಾಡುವುದಾಗಲಿ ಅವರ ಕೆಲಸವಾಗಿರಲಿಲ್ಲ. ಭಾಷಾಪಂಡಿತ ಫಾನ್ ಹಾವೆನ್, ಪ್ರಕೃತಿವಿಜ್ಞಾನಿ ಫೋರ್ಸ್ಕೋಲ್, ಭೂಮಾಪನದ ಕಾರ್ಸ್ಟನ್ ನೀಬೂರ್, ವೈದ್ಯ ಕ್ರಾಮರ್, ಚಿತ್ರಕಾರ ಬೌರೆನ್‌ಫೈಂಡ್, ಜೊತೆಗೆ ಬೆರ್ಗ್ರೆನ್ ಎಂಬ ಸೇವಕ. ತಂಡಕ್ಕೆ ಒಬ್ಬ ಯಜಮಾನ ಎಂದು ಇರಲಿಲ್ಲ, ಎಲ್ಲರೂ ಸಮಾನರು. ಯಜಮಾನಿಕೆಯಿಲ್ಲದ ಮನೆಯಲ್ಲಿ ಏನಾಗುತ್ತದೆಯೋ ಅದೇ ಆಯಿತು. ಫಾನ್ ಹಾವೆನ್‌ಗೂ ಫೋರ್ಸ್ಕೋಲನಿಗೂ ಮೊದಲಿನಿಂದಲೇ ಎಣ್ಣೆ ಸೀಗೆಕಾಯಿ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಫಾನ್ ಹಾವೆನ್ ಪಾಷಾಣ ಕೊಂಡನೆಂದು ಉಳಿದವರು ಹೆದರಿ ದೂರು ಬರೆದರು. ಯಾರೂ ವಿಷದಿಂದ ಸಾಯಲಿಲ್ಲ, ಅದು ಬೇರೆ ಮಾತು.

ಫೋರ್ಸ್ಕೋಲ್ ಹುಟ್ಟಿದ್ದು 1732ರಲ್ಲಿ, ಹೆಲ್ಸಿಂಕಿಯಲ್ಲಿ. ಇಂದು ಫಿನ್ಲೆಂಡಿನ ರಾಜಧಾನಿಯಾಗಿರುವ ಆ ಊರು ಆಗ ಸ್ವೀಡನ್ ರಾಜ್ಯಕ್ಕೆ ಸೇರಿತ್ತು. ಉಪ್ಸಾಲದಲ್ಲಿ ಅವನು ಲಿನೀಯಸನ ಶಿಷ್ಯನಾದ. ಪ್ರತಿ ಗಿಡಕ್ಕೂ ಮನೆತನದ ಹೆಸರು ಒಂದು, ತನ್ನ ಹೆಸರು ಒಂದು ಎಂದು ಎರಡು ಪದಗಳಲ್ಲಿ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಗುರು ಈ ಲಿನೀಯಸ್. ಶಿಷ್ಯ ಮಾತ್ರ ಗಿಡಗಳಿಗಷ್ಟೇ ಅಂಟಿಕೊಂಡವನಲ್ಲ. 1759ರಲ್ಲಿ ನಾಗರಿಕ ಸ್ವಾತಂತ್ರ್ಯದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದು 500 ಪ್ರತಿ ಅಚ್ಚು ಹಾಕಿಸಿದ. ಜನ ಅನಿಸಿದ್ದನ್ನು ಬರೆದು ಅಚ್ಚು ಮಾಡುವಂತಿರಬೇಕು ಎಂಬುದು ಅದರ ಮುಖ್ಯ ಮಾತು. ಸರ್ಕಾರ ಕೂಡಲೇ ಅದನ್ನು ನಿಷೇಧಿಸಿತು. ಹಂಚಿಹೋದ ಪ್ರತಿಗಳನ್ನು ವಾಪಸು ಸಂಗ್ರಹಿಸುವ ಕೆಲಸ ಬಿದ್ದದ್ದು ಆಗ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ ಗುರು ಲಿನೀಯಸನ ಮೇಲೆಯೇ! ಸಿಕ್ಕವು ಕೆಲವೇ ಕೆಲವು. ಏಳು ವರ್ಷಗಳ ನಂತರ, 1766ರಲ್ಲಿ, ಸ್ವೀಡನ್ ಮುದ್ರಣ ಸ್ವಾತಂತ್ರ್ಯದ ಕಾನೂನು ಮಾಡಿತು. ಜಗತ್ತಿನಲ್ಲಿ ಅಂಥ ಕಾನೂನು ಅದೇ ಮೊದಲು. ಅದನ್ನು ಕಾಣಲು ಫೋರ್ಸ್ಕೋಲ್ ಉಳಿದಿರಲಿಲ್ಲ.

ತಂಡ ಈಜಿಪ್ಟಿನಲ್ಲಿ ಒಂದು ವರ್ಷ ನಿಂತಿತು. ಗಿಡ ಹುಡುಕುತ್ತ ಅಲೆಯುತ್ತಿದ್ದ ಫೋರ್ಸ್ಕೋಲನನ್ನು ದರೋಡೆಕೋರರು ಹಿಡಿದು ಮೈಮೇಲಿನ ಬಟ್ಟೆಯನ್ನೂ ದೋಚಿದರು. ಆದರೂ ಅವನು ಅಲೆಯುವುದನ್ನು ಬಿಡಲಿಲ್ಲ. ಅಲ್ಲಿಂದ ಅವನು ಕಳುಹಿಸಿದ ಬೀಜವೊಂದು ಉಪ್ಸಾಲದ ತೋಟದಲ್ಲಿ ಮೊಳೆಯಿತು. ಬಟ್ಟೆಗೆ ಅಂಟಿದರೆ ಬಿಡದ, ಒರಟು ಗಿಡ. ಲಿನೀಯಸ್ ಅದಕ್ಕೆ ಶಿಷ್ಯನ ಹೆಸರನ್ನೇ ಇಟ್ಟು, ಜೊತೆಗೆ ‘ಬಹಳ ಬಿಗಿಯಾಗಿ ಅಂಟಿಕೊಳ್ಳುವ’ ಎಂಬರ್ಥದ ವಿಶೇಷಣ ಸೇರಿಸಿದ. ಮೇಷ್ಟ್ರುಗಳು ಹಟಮಾರಿ ಹುಡುಗನನ್ನು ಬೈಯುತ್ತಲೇ ಮೆಚ್ಚುವ ಬಗೆ ಇದು.

1762ರ ಡಿಸೆಂಬರ್ ಕೊನೆಗೆ ಅವರು ಯೆಮನ್ ಮುಟ್ಟಿದರು. ಯುರೋಪಿನವರು ಈ ನಾಡನ್ನು ಹಿಂದಿನಿಂದಲೂ ‘ಸುಖೀ ಅರೇಬಿಯ’ ಎಂದು ಕರೆಯುತ್ತಿದ್ದರು. ಬೇತ್ ಅಲ್ ಫಕೀಹ್ ಎಂಬ ಕಾಫಿ ಪೇಟೆಯನ್ನು ನೆಲೆ ಮಾಡಿಕೊಂಡು ಫೋರ್ಸ್ಕೋಲನೂ ನೀಬೂರನೂ ಅರಬರ ಉಡುಪು ತೊಟ್ಟು, ಕತ್ತೆಗಳ ಮೇಲೆ ಸುತ್ತಮುತ್ತಲ ಗುಡ್ಡಗಳನ್ನು ಸುತ್ತಿದರು. ಕೆಳಗೆ ಸುಡುವ ಬಯಲು, ಮೇಲೆ ಕಾಫಿ ತೋಟಗಳು. ಅಲ್ಲಿಂದ ಕಾಫಿ ಹಡಗೇರುತ್ತಿದ್ದ ಬಂದರು ಮೋಖಾ. ಅದೇ ಮೋಖಾದಿಂದ ಬಾಬಾ ಬುಡನ್ 17ನೆಯ ಶತಮಾನದಲ್ಲಿ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿ ನಮ್ಮಲ್ಲಿದೆ. ಹಾಗೆ ನೋಡಿದರೆ ನಮ್ಮ ಬೆಳಗಿನ ಕಾಫಿಗೂ ಮಾಳಿಗೆಯ ಅಡೇನಿಯಂಗೂ ತವರು ಒಂದೇ ಸೀಮೆ.

ಗುಡ್ಡದ ಇಳಿಜಾರಿನಲ್ಲಿ ಫೋರ್ಸ್ಕೋಲ್ ಕಂಡ ಆ ಗಿಡದ ಹೂ ಕಣಗಿಲೆಯದರಂತಿತ್ತು, ಬುಡ ಮಾತ್ರ ಕೊಬ್ಬಿತ್ತು. ‘ನೀರಿಯಂ ಒಬೇಸಂ’ ಎಂದು ಅವನು ಬರೆದುಕೊಂಡ. ಲ್ಯಾಟಿನ್ನಿನಲ್ಲಿ ನೀರಿಯಂ ಎಂದರೆ ಕಣಗಿಲೆ, ಒಬೇಸಂ ಎಂದರೆ ದಪ್ಪ. ನಮ್ಮ ಓಣಿಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಅಜ್ಜಿ ಇದ್ದಾರೆ. ಮೊದಲ ಸಲ ನಮ್ಮ ಗಿಡ ನೋಡಿದಾಗ ಅವರು ಅಂದದ್ದು, “ಏನ್ರಿ ಅಕ್ಕೋರ, ಈ ಕಣಗಲಕ್ಕ ಇಷ್ಟು ಡೊಳ್ಳಹೊಟ್ಟಿ ಯಾಕ ಬಂದೈತಿ?” ಲಿನೀಯಸನ ಶಿಷ್ಯನಿಗೂ ಧಾರವಾಡದ ಅಜ್ಜಿಗೂ ಕಣ್ಣು ಒಂದೇ ಕಡೆ ನಟ್ಟಿತ್ತು ನೋಡಿ!

ಫೋರ್ಸ್ಕೋಲನ ಒಂದು ಗುಣ ನನಗೆ ಬಹಳ ಹಿಡಿಸಿದ್ದು. ಅವನು ಅರಬ್ಬಿ ಕಲಿತಿದ್ದ. ಗಿಡ ಸಿಕ್ಕಾಗ ತಾನು ಲ್ಯಾಟಿನ್ ಹೆಸರಿಟ್ಟು ಸುಮ್ಮನಾಗುತ್ತಿರಲಿಲ್ಲ. ಇದಕ್ಕೆ ನೀವು ಏನನ್ನುತ್ತೀರಿ ಎಂದು ಅಲ್ಲಿಯ ಜನರನ್ನು ಕೇಳಿ, ಅವರ ಹೆಸರನ್ನೂ ಬರೆದಿಡುತ್ತಿದ್ದ. ಮುಂದೆ 1819ರಲ್ಲಿ ಈ ಗಿಡವನ್ನು ಕಣಗಿಲೆಯಿಂದ ಬೇರ್ಪಡಿಸಿ ಹೊಸ ಮನೆತನ ಕಟ್ಟಿದಾಗ ಉಪಯೋಗಕ್ಕೆ ಬಂದದ್ದು ಆ ಊರವರ ಅರಬ್ಬಿ ಹೆಸರೇ. ಏಡನ್ ಎಂಬ ಊರಿನ ಹೆಸರಿನೊಂದಿಗೆ ಬೆಸೆದ ಆ ಪದದಿಂದ ‘ಅಡೇನಿಯಂ’ ಹುಟ್ಟಿತು. ಏಡನ್ ನಮಗೆ ತೀರ ಅಪರಿಚಿತವೂ ಅಲ್ಲ. ಬ್ರಿಟಿಷರು 1839ರಲ್ಲಿ ಅದನ್ನು ಹಿಡಿದ ಮೇಲೆ 1932ರವರೆಗೂ ಅದು ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದೇ ಗವರ್ನರರ ಕೈಕೆಳಗಿದ್ದವು.

ಮುಂದಿನ ಕಥೆ ಹೇಳುವುದು ಕಷ್ಟ. ಫಾನ್ ಹಾವೆನ್ 1763ರ ಮೇ 25ರಂದು ಮೋಖಾದಲ್ಲಿ ಜ್ವರದಿಂದ ತೀರಿಕೊಂಡ. ಉಳಿದವರು ರಾಜಧಾನಿ ಸನಾದತ್ತ ಹೊರಟರು. ದಾರಿಯಲ್ಲಿ ಫೋರ್ಸ್ಕೋಲನಿಗೂ ಜ್ವರ ಏರಿತು. ನಡೆಯಲಾಗದೆ ಅವನನ್ನು ಒಂಟೆಯ ಮೇಲೆ ಹಾಕಿಕೊಂಡು ಬೆಟ್ಟ ದಾಟಿಸಿದರು. ಯರೀಮ್ ಎಂಬ ಊರಿನಲ್ಲಿ ಜುಲೈ 11ರಂದು ಅವನ ಉಸಿರು ನಿಂತಿತು. ವಯಸ್ಸು 31. ಅದು ಮಲೇರಿಯ ಎಂದು ಇಂದು ಹೇಳುತ್ತಾರೆ. ಸೊಳ್ಳೆಯಿಂದ ಮಲೇರಿಯ ಹರಡುವುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ, ಅಂದರೆ 134 ವರ್ಷಗಳ ನಂತರ.

ಸನಾದಿಂದ ಹಿಂತಿರುಗಿ ಉಳಿದ ನಾಲ್ವರು ಮೋಖಾದಿಂದ ಮುಂಬಯಿಗೆ ಹಡಗು ಹತ್ತಿದರು. ಆಗಸ್ಟ್ ಕೊನೆಯಲ್ಲಿ, ಒಂದು ದಿನದ ಅಂತರದಲ್ಲಿ, ಚಿತ್ರಕಾರ ಬೌರೆನ್‌ಫೈಂಡ್ ಮತ್ತು ಸೇವಕ ಬೆರ್ಗ್ರೆನ್ ನಡುಗಡಲಿನಲ್ಲಿ ಸತ್ತರು. ವೈದ್ಯ ಕ್ರಾಮರ್ ಮುಂಬಯಿಯಲ್ಲಿ 1764ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದ. ಆರರಲ್ಲಿ ಉಳಿದವನು ಒಬ್ಬನೇ, ಕಾರ್ಸ್ಟನ್ ನೀಬೂರ್. ರೈತನ ಮಗ, ತಂಡದಲ್ಲಿ ದೊಡ್ಡ ಪಾಂಡಿತ್ಯದ ಹಮ್ಮಿಲ್ಲದವನು. ಹೋದ ಊರಿನವರು ಉಡುವುದನ್ನು ಉಟ್ಟು, ಉಣ್ಣುವುದನ್ನು ಉಂಡದ್ದರಿಂದಲೇ ತಾನು ಉಳಿದೆ ಎಂದು ಅವನು ನಂಬಿದ್ದ. ಮುಂಬಯಿಯಲ್ಲಿ ಚೇತರಿಸಿಕೊಳ್ಳುತ್ತಲೇ ಎಲಿಫೆಂಟಾ ಗುಹೆಗಳ ಶಿಲ್ಪಗಳನ್ನು ಅಳೆದು ಚಿತ್ರ ಬರೆದ. 1764ರ ಕೊನೆಗೆ ಅಲ್ಲಿಂದ ಹೊರಟು ಮಸ್ಕತ್, ಪರ್ಷಿಯ, ಬಾಗ್ದಾದ್ ಮಾರ್ಗವಾಗಿ 1767ರ ನವೆಂಬರಿನಲ್ಲಿ ಕೋಪನ್‌ಹೇಗನ್ ಸೇರಿದ. ದಾರಿಯಲ್ಲಿ ಪರ್ಸೆಪೊಲಿಸ್ ಅವಶೇಷಗಳ ಮೇಲಿನ ಮೊಳೆಲಿಪಿಯ ಶಾಸನಗಳನ್ನು ಎಷ್ಟು ಅಚ್ಚುಕಟ್ಟಾಗಿ ನಕಲು ಮಾಡಿದ್ದನೆಂದರೆ, ಮುಂದೆ ಆ ಲಿಪಿಯನ್ನು ಓದುವ ದಾರಿ ತೆರೆದದ್ದೇ ಆ ನಕಲುಗಳಿಂದ.

ಆರು ಮಂದಿಯನ್ನು ಕಳುಹಿಸಿದ ದೊರೆ ಅಷ್ಟರಲ್ಲಿ ತೀರಿಕೊಂಡಿದ್ದ. ಕಳುಹಿಸಿದ್ದ ಸಂಗ್ರಹದಲ್ಲಿ ಎಷ್ಟೋ ಹಾಳಾಗಿತ್ತು. ನೀಬೂರನ ಬಳಿ ಉಳಿದದ್ದು ಸತ್ತ ಗೆಳೆಯನ ಟಿಪ್ಪಣಿಯ ಚೀಟಿಗಳು. ನೀಬೂರ್ ಸಸ್ಯಶಾಸ್ತ್ರಜ್ಞನಲ್ಲ, ಲ್ಯಾಟಿನ್ನಿನಲ್ಲೂ ಗಟ್ಟಿಗನಲ್ಲ. ‘ಇದು ನನ್ನ ವಿಷಯವಲ್ಲ’ ಎಂದು ಆ ಕಟ್ಟನ್ನು ಅಟ್ಟಕ್ಕೆ ಹಾಕಿದ್ದರೆ ಯಾರೂ ಅವನನ್ನು ದೂರುವಂತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ತಿಳಿದವರ ನೆರವು ಪಡೆದು, ಚೀಟಿಗಳನ್ನು ಜೋಡಿಸಿ, 1775ರಲ್ಲಿ ಈಜಿಪ್ಟ್ ಮತ್ತು ಅರೇಬಿಯದ ಗಿಡಗಳ ಪುಸ್ತಕವನ್ನು ಫೋರ್ಸ್ಕೋಲನ ಹೆಸರಿನಲ್ಲೇ ಹೊರತಂದ. ಲೇಖಕನ ಮರಣಾನಂತರ ಪ್ರಕಟಿಸಿದವನು ಎಂದು ಮುಖಪುಟದಲ್ಲಿ ತನ್ನ ಹೆಸರನ್ನು ಕೆಳಗೆ ಹಾಕಿಕೊಂಡ. ಅಡೇನಿಯಂ ಜಗತ್ತಿನ ಕಣ್ಣಿಗೆ ಬಿದ್ದದ್ದು ಆ ಪುಸ್ತಕದಿಂದ. ಫೋರ್ಸ್ಕೋಲ್ ಗಿಡಗಳಂತೆಯೇ ಒಣಗಿಸಿ ಕಾಗದಕ್ಕೆ ಅಂಟಿಸಿದ್ದ ಕೆಂಪು ಸಮುದ್ರದ ಮೀನುಗಳು ಕೋಪನ್‌ಹೇಗನ್ನಿನಲ್ಲಿ ಇಂದಿಗೂ ಇವೆ. ನೀಬೂರ್ ಮೆಲ್ಡೋರ್ಫ್ ಎಂಬ ಚಿಕ್ಕ ಊರಿನಲ್ಲಿ ಸರ್ಕಾರಿ ಲೆಕ್ಕಪತ್ರದ ಕೆಲಸ ಮಾಡಿಕೊಂಡು, ಮಕ್ಕಳಿಗೆ ತನ್ನ ಪ್ರವಾಸದ ಕಥೆ ಹೇಳುತ್ತ 1815ರವರೆಗೂ ಬಾಳಿದ.

ಗಿಡವಂತೂ ಆಮೇಲೆ ಲೋಕವನ್ನೇ ಸುತ್ತಿತು. ಥೈಲೆಂಡ್ ಮತ್ತು ತೈವಾನಿನ ತೋಟಗಾರರು ಕಸಿ ಕಟ್ಟಿ, ತಳಿ ಬೆರೆಸಿ, ಕಡುಗೆಂಪು, ಹಳದಿ, ಎರಡು ಮೂರು ಸುತ್ತಿನ ದಳದ ಹೂಗಳನ್ನು ಬರಿಸಿದರು. ನಮ್ಮ ನರ್ಸರಿಗಳಲ್ಲಿ ಕಾಣುವ ಬಣ್ಣಗಳು ಬಹುಮಟ್ಟಿಗೆ ಅವರ ಕೈಚಳಕದ ಫಲ. ಆದರೆ ಬಣ್ಣ ಎಷ್ಟು ಬದಲಾದರೂ ಗಿಡ ತವರನ್ನು ಮರೆತಿಲ್ಲ. ಅದನ್ನು ನೆನಪಿಟ್ಟುಕೊಂಡರೆ ಆರೈಕೆ ಸುಲಭ.

ಬೆಟ್ಟದ ಬಂಡೆಯ ಮೇಲೆ ನೀರು ನಿಲ್ಲುವುದಿಲ್ಲ. ಆದ್ದರಿಂದ ನಮ್ಮ ಕಡೆಯ ಎರೆಮಣ್ಣು ಇದಕ್ಕೆ ಬೇಡವೇ ಬೇಡ. ದಪ್ಪ ಮರಳು ಇಲ್ಲವೆ ಇಟ್ಟಂಗಿ ಚೂರು ಎರಡು ಪಾಲು, ಕೆಮ್ಮಣ್ಣು ಒಂದು ಪಾಲು, ಹಳೆಯ ಗೊಬ್ಬರ ಒಂದು ಪಾಲು, ಮೇಲಿಷ್ಟು ಇದ್ದಿಲ ಚೂರು ಸಾಕು. ಕುಂಡ ಅಗಲವಿರಲಿ, ಬಹಳ ಆಳ ಬೇಡ, ತಳದಲ್ಲಿ ತೂತು ಇರಲೇಬೇಕು. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೀಳಬೇಕು, ಒಳಮನೆಯ ಮೇಜಿನ ಮೇಲೆ ಇಟ್ಟರೆ ಹೂವಿಲ್ಲ. ಬೇಸಿಗೆಯಲ್ಲಿ ಮಣ್ಣಿಗೆ ಬೆರಳಿಟ್ಟು ನೋಡಿ ಪೂರ್ತಿ ಒಣಗಿದ್ದರೆ ಮಾತ್ರ ನೀರು ಹಾಕಿ, ಹಾಕಿದಾಗ ತಳದಿಂದ ಹರಿಯುವಷ್ಟು ಹಾಕಿ. ಮಳೆಗಾಲದಲ್ಲಿ ಸಜ್ಜಾದ ಕೆಳಗೆ ಸರಿಸಿ. ಚಳಿಗೆ ಎಲೆ ಉದುರಿದರೆ ಹೆದರಬೇಡಿ, ಅದು ನಿದ್ದೆ. ನಿದ್ದೆ ಮಾಡುವ ಮಗುವಿಗೆ ಊಟ ತುರುಕುವುದಿಲ್ಲವಲ್ಲ. ಚಳಿ ಕಳೆದ ಮೇಲೆ, ಫೆಬ್ರವರಿ ಹೊತ್ತಿಗೆ, ಕೊಂಬೆಗಳನ್ನು ಕತ್ತರಿಸಿದರೆ ಹೊಸ ಚಿಗುರಿನಲ್ಲಿ ಹೂ ತುಂಬುತ್ತದೆ.

ಬುಡವನ್ನು ಆಗಾಗ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಗಿಡ ಸುಖವಾಗಿದೆ. ಮಣ್ಣು ಒಣಗಿದ್ದು ಬುಡ ಮೆತ್ತಗಾಗಿದ್ದರೆ ಬಾಯಾರಿಕೆ. ಮಣ್ಣು ತೇವವಿದ್ದು ಮೆತ್ತಗಾಗಿದ್ದರೆ ಕೊಳೆತ. ಆಗ ಕಿತ್ತು, ಕೊಳೆತದ್ದನ್ನು ಶುದ್ಧ ಭಾಗ ಕಾಣುವವರೆಗೆ ಕೊಯ್ದು, ನೆರಳಲ್ಲಿ ಗಾಯ ಒಣಗಲು ಕೆಲವು ದಿನ ಬಿಟ್ಟು ಮತ್ತೆ ನೆಡಿ. ಎಷ್ಟೋ ಗಿಡ ಹೀಗೆ ಬದುಕಿಕೊಳ್ಳುತ್ತವೆ. ಇದೆಲ್ಲ ಮಾಡುವಾಗ ರಸ ಕಣ್ಣಿಗೆ, ಬಾಯಿಗೆ ತಾಗಬಾರದು. ಕೈಯನ್ನು ಸೋಪಿನಿಂದ ತೊಳೆಯಿರಿ, ಕೂಸುಗಳ ಕೈಗೆ ಎಟುಕದ ಕಡೆ ಇಡಿ. ಕಣಗಿಲೆಯಂತೆ ಇದರ ರಸವೂ ಹೃದಯಕ್ಕೆ ವಿಷ. ಟಾಂಜಾನಿಯದ ಹಾಡ್ಜಾ ಬೇಟೆಗಾರರು ಬಾಣದ ಮೊನೆಗೆ ಹಚ್ಚುವ ವಿಷಗಳಲ್ಲಿ ಅಡೇನಿಯಂನದೂ ಒಂದು.

ಗಿಡಕ್ಕೆ ಹೆಸರಿಟ್ಟವನು ಫೋರ್ಸ್ಕೋಲ್, ಆ ಹೆಸರನ್ನು ಉಳಿಸಿದವನು ನೀಬೂರ್. ಅದರ ಅರಬ್ಬಿ ಹೆಸರನ್ನು ಮೊದಲು ಹೇಳಿಕೊಟ್ಟವರು ಯೆಮನ್ನಿನ ಯಾರೋ ದನಗಾಹಿಯೋ, ಕಾಫಿ ಬಿಡಿಸುವ ಹೆಂಗಸೋ ಇರಬೇಕು. ಅವರ ಹೆಸರು ಯಾವ ಪುಟದಲ್ಲೂ ಇಲ್ಲ, ಆಡಿದ ಮಾತು ಮಾತ್ರ ಉಳಿದಿದೆ. 2014ರಿಂದ ಒಳಯುದ್ಧದಲ್ಲಿ ಬೆಂದ ಆ ದೇಶದ ಸುದ್ದಿಯನ್ನು ಓದುವಾಗ ನನಗೆ ಅವರ ಮೊಮ್ಮಕ್ಕಳ ಮೊಮ್ಮಕ್ಕಳ ನೆನಪಾಗುತ್ತದೆ.

ನಮ್ಮ ಮನೆಗಳಲ್ಲೂ ಅತ್ತೆ, ಅಜ್ಜಿ, ದೊಡ್ಡವ್ವಂದಿರ ಬಾಯಲ್ಲಿ ಎಷ್ಟು ಹೂವಿನ, ಸೊಪ್ಪಿನ, ನಾರುಬೇರಿನ ಹೆಸರುಗಳಿವೆ! ಯಾವ ಸೊಪ್ಪು ಯಾವ ಮಳೆಗೆ ಬರುತ್ತದೆ, ಯಾವುದನ್ನು ಬಾಣಂತಿಗೆ ಕೊಡಬಾರದು ಎಂಬುದೆಲ್ಲ ಅವರಿಗೆ ಗೊತ್ತು. ಕೇಳುವವರಿಲ್ಲದೆ ಅವು ಒಬ್ಬೊಬ್ಬರೊಂದಿಗೆ ಹೊರಟುಹೋಗುತ್ತಿವೆ. ಅದಕ್ಕೆ ಹಡಗು ಹತ್ತಬೇಕಾಗಿಲ್ಲ, ಒಂಟೆಯೂ ಬೇಡ. ಮಕ್ಕಳು ಅರ್ಧ ಬರೆದು ಬಿಟ್ಟ ಒಂದು ನೋಟ್‌ಬುಕ್ಕು, ಒಂದು ಪೆನ್ನು, ಮಧ್ಯಾಹ್ನದ ಒಂದು ತಾಸು ಇದ್ದರೆ ಸಾಕು. ಅವರು ಹೇಳಿದ ಹಾಗೆಯೇ ಬರೆಯಿರಿ, ಕೆಳಗೆ ಅವರ ಹೆಸರನ್ನೂ ಹಾಕಿ.